ದಪ್ಪ ಗೋಡೆಯ ಮನೆ, ನಿದ್ದೆಯಿಲ್ಲದ ರಾತ್ರಿ

ಮರುಭೂಮಿಯ ನಗರವೊಂದರಲ್ಲಿ ಮನೆ ಕಟ್ಟಿಸಿಕೊಂಡ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಬಿಸಿಲು ನಾಡಿನ ಹಳೆಯ ಮನೆಗಳ ಬಗ್ಗೆ ನಿಮ್ಮ ಪತ್ರಿಕೆಯ ಲೇಖನ ಓದಿ 40 ಸೆಂಟಿಮೀಟರ್ ದಪ್ಪದ ಮಣ್ಣಿನ ಗೋಡೆ ಕಟ್ಟಿಸಿದೆ. ಮೇಲೆ ಕಾಂಕ್ರೀಟ್ ತಾರಸಿ. ಮಲಗುವ ಕೋಣೆ ಪಶ್ಚಿಮಕ್ಕಿದೆ. ಹಗಲು ಮನೆ ತಂಪಾಗಿರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಸಂಜೆ 7ಕ್ಕೆ ಸೆಖೆ ಶುರು. ಸ್ವಲ್ಪ ಇಳಿಯಿತು ಅನ್ನುವಷ್ಟರಲ್ಲಿ ರಾತ್ರಿ 3ಕ್ಕೆ ಮತ್ತೆ ಜಾಸ್ತಿ. ಏಸಿ ನಿಲ್ಲಿಸುವ ಹಾಗೇ ಇಲ್ಲ. ಹಳಬರ ಜಾಣತನ ಅಂತ ಬರೆದದ್ದೆಲ್ಲ ಸುಮ್ನೆನಾ? ಮೇಲಿನ ಗಾಳಿಯನ್ನು ಹಿಡಿದು ಮನೆಯೊಳಗೆ ಇಳಿಸುವ ಗಾಳಿ ಗೋಪುರ ಕಟ್ಟಿಸಿದರೆ ಸರಿಹೋಗುತ್ತದೆಯೇ?"

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಪತ್ರ ಬಂದ ಮೇಲೆ ಆ ಲೇಖನವನ್ನು ಹುಡುಕಿ ಮತ್ತೆ ಓದಿದೆ. ಗೋಡೆಯ ಬಗ್ಗೆ ಉದ್ದಕ್ಕೆ ಬರೆದಿದ್ದೇವೆ. ಆ ಮನೆಗಳ ಜನ ರಾತ್ರಿ ಎಲ್ಲಿ ಮಲಗುತ್ತಿದ್ದರು ಎಂದು ಒಂದು ಸಾಲೂ ಬರೆದಿಲ್ಲ. ಎಡವಿದ್ದು ಅಲ್ಲೇ.

ಅವರು ಮಲಗುತ್ತಿದ್ದದ್ದು ತಾರಸಿಯ ಮೇಲೆ. ಹಳೆಯ ಬಾಗ್ದಾದಿನಲ್ಲಿ ಬೇಸಿಗೆಯ ಮಧ್ಯಾಹ್ನ ಮನೆಮಂದಿ 'ಸರ್ದಾಬ್' ಎನ್ನುವ ನೆಲಮಾಳಿಗೆಗೆ ಇಳಿಯುತ್ತಿದ್ದರು. ಸಂಜೆ ಅಂಗಳಕ್ಕೆ ಬರುತ್ತಿದ್ದರು. ರಾತ್ರಿ ತಾರಸಿ ಹತ್ತುತ್ತಿದ್ದರು. ಗೋಡೆ ತಾನು ಹಗಲೆಲ್ಲ ಕುಡಿದ ಬಿಸಿಯನ್ನು ಒಳಗೆ ಕಕ್ಕುವ ಹೊತ್ತಿಗೆ ಒಳಗೆ ಯಾರೂ ಇರುತ್ತಿರಲಿಲ್ಲ! ನಮ್ಮ ಲೇಖನ ನಿಮಗೆ ಗೋಡೆಯನ್ನು ಕೊಟ್ಟಿತು, ತಾರಸಿಯ ಹಾಸಿಗೆಯನ್ನು ಕೊಡಲಿಲ್ಲ.

ಬರಿಯ ದಪ್ಪ ಗೋಡೆ ಬಿಸಿಯನ್ನು ಪೂರ್ತಿ ತಡೆಯುವುದಿಲ್ಲ, ತಡ ಮಾಡಿಸುತ್ತದೆ. 40 ಸೆಂಟಿಮೀಟರ್ ಮಣ್ಣನ್ನು ದಾಟಿ ಒಳಗೆ ಬರಲು ಬಿಸಿಗೆ ಸುಮಾರು 10ರಿಂದ 12 ಗಂಟೆ ಬೇಕು. ಮಾಮೂಲಿ ಕಾಂಕ್ರೀಟ್ ತಾರಸಿ ದಾಟಲು 4–5 ಗಂಟೆ ಸಾಕು. ಈಗ ನಿಮ್ಮ ಪತ್ರದ ಗಡಿಯಾರ ನೋಡಿ. ಮಧ್ಯಾಹ್ನ ತಾರಸಿಯ ಮೇಲೆ ಬಿದ್ದ ಬಿಸಿಲು ಸಂಜೆ 7ಕ್ಕೆ ನಿಮ್ಮ ನೆತ್ತಿಯ ಮೇಲಿರುತ್ತದೆ. ಸಂಜೆ 4ಕ್ಕೆ ಪಶ್ಚಿಮದ ಗೋಡೆಗೆ ಬಿದ್ದದ್ದು ರಾತ್ರಿ 3ಕ್ಕೆ ತಲೆದಿಂಬಿನ ಹತ್ತಿರ ಬರುತ್ತದೆ. ಕಳ್ಳರು ಇಬ್ಬರು, ಇಬ್ಬರ ವೇಳಾಪಟ್ಟಿಯನ್ನೂ ನೀವೇ ಬರೆದು ಕಳಿಸಿದ್ದೀರಿ.

ಮೊದಲು ತಾರಸಿ. ಬೇಸಿಗೆಯಲ್ಲಿ ಗೋಡೆಗಿಂತ ಅದೇ ಜಾಸ್ತಿ ಬಿಸಿಲು ತಿನ್ನುತ್ತದೆ. ರಾಜಸ್ಥಾನದ ಜೈಸಲ್ಮೇರಿನಲ್ಲಿ ಜೂನ್ ಕೊನೆಯ ಮಧ್ಯಾಹ್ನ ಸೂರ್ಯ ಸುಮಾರು 86 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಒಳಗಡೆ ಫಾಲ್ಸ್ ಸೀಲಿಂಗ್ ಹಾಕಿಸಿ ಎಂದು ಯಾರಾದರೂ ಹೇಳಬಹುದು. ಸ್ವಲ್ಪ ಉಪಯೋಗ ಇದೆ. ಆದರೆ ಕಾಂಕ್ರೀಟ್ ಕಾದ ಮೇಲೆ ಕೆಳಗೆ ತಡೆ ಹಾಕುವುದಕ್ಕಿಂತ ಅದು ಕಾಯದ ಹಾಗೆ ನೋಡಿಕೊಳ್ಳುವುದು ಮೇಲು, ಅಲ್ವಾ? ಶಾಖ ತಡೆಯುವ ಪದರ ಕಾಂಕ್ರೀಟಿನ ಮೇಲೆ ಬರಲಿ, ಅದರ ಮೇಲೆ ಬಿಳಿ ಬಣ್ಣ ಅಥವಾ ಸುಣ್ಣ. ಮರುಭೂಮಿಯ ದೂಳು ಆ ಬಿಳಿಯನ್ನು ಬೇಗ ಮಂಕು ಮಾಡುತ್ತದೆ, ಆಗಾಗ ಗುಡಿಸಬೇಕು. ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆ ಇದ್ದರೆ ಗಾಳಿಯಾಡುವಷ್ಟು ಎತ್ತರದಲ್ಲಿ ಕೂರಿಸಿ. ಕರೆಂಟಿನ ಜೊತೆ ನೆರಳೂ ಸಿಗುತ್ತದೆ.

ಇನ್ನು ಪಶ್ಚಿಮದ ಗೋಡೆ. ಇಲ್ಲಿ ಸಜ್ಜಾ ಕೆಲಸಕ್ಕೆ ಬರುವುದಿಲ್ಲ. ಸಂಜೆಯ ಸೂರ್ಯ ಕೆಳಗಿಳಿದು ನೇರ ಮುಖಕ್ಕೇ ಹೊಡೆಯುತ್ತಾನೆ. ಬೇಕಾದದ್ದು ನಿಂತ ನೆರಳು. ಗೋಡೆಯಿಂದ ಒಂದು ಗೇಣು ಬಿಟ್ಟು ಮರದ್ದೋ ಇಟ್ಟಿಗೆಯದ್ದೋ ಜಾಲರಿ ಕಟ್ಟಿಸಿ. ಬಿಸಿಲನ್ನು ಜಾಲರಿ ತಿನ್ನುತ್ತದೆ, ನಡುವಿನ ಗಾಳಿ ಕಾದು ಮೇಲಕ್ಕೆ ಹೋಗುತ್ತದೆ. ಜೈಸಲ್ಮೇರಿನ ಹವೇಲಿಗಳ, ಅಂದರೆ ಹಳೆಯ ಸಿರಿವಂತರ ದೊಡ್ಡ ಮನೆಗಳ, ಹಳದಿ ಕಲ್ಲಿನ ಕೆತ್ತನೆಯನ್ನು ಎಲ್ಲರೂ ಚಂದಕ್ಕೆಂದು ಫೋಟೋ ತೆಗೆಯುತ್ತಾರೆ. ಮುಂದಕ್ಕೆ ಚಾಚಿದ ಆ ಕಿಟಕಿ ಮಾಡಗಳು (ಝರೋಖಾ), ಆಳವಾದ ಕೆತ್ತನೆ, ಇವೆಲ್ಲ ಗೋಡೆ ತನಗೆ ತಾನೇ ಹಿಡಿದುಕೊಂಡ ಕೊಡೆ. ಇಷ್ಟನ್ನು ಲೇಖನದಲ್ಲೇ ಬರೆಯಬೇಕಿತ್ತು. ಕೈಲಾದರೆ ಮಲಗುವ ಕೋಣೆಯನ್ನೂ ಬದಲಿಸಿ. ಪಶ್ಚಿಮದ ಕೋಣೆಯಲ್ಲಿ ಪೆಟ್ಟಿಗೆ, ಕಪಾಟು ಇರಲಿ, ಅವಕ್ಕೆ ನಿದ್ದೆ ಬೇಕಾಗಿಲ್ಲ.

"ಹಾಗಾದರೆ ನಾನೂ ತಾರಸಿಯಲ್ಲೇ ಮಲಗಲೇ" ಎಂದು ಕೇಳಬಹುದು. ನಿಮ್ಮೂರಿನ ರಾತ್ರಿ ತಣ್ಣಗಿದ್ದರೆ ಧಾರಾಳವಾಗಿ. ಆದರೆ ಈಗಿನ ನಗರಗಳ ರಾತ್ರಿ ಮರುಭೂಮಿಯ ರಾತ್ರಿಯಾಗಿ ಉಳಿದಿಲ್ಲ. ಡಾಂಬರು, ಕಾಂಕ್ರೀಟು, ಏಸಿಗಳು ಹೊರಗೆ ಊದುವ ಬಿಸಿಗಾಳಿ, ಎಲ್ಲ ಸೇರಿ ಊರು ತಣಿಯುವುದೇ ಇಲ್ಲ. ಅಮೆರಿಕದ ಫೀನಿಕ್ಸ್ ನಗರದಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ದಾಟಿತು. ಎಷ್ಟೋ ರಾತ್ರಿ 32 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಅಂಥ ರಾತ್ರಿಯಲ್ಲಿ ಕಿಟಕಿ ತೆರೆದಿಟ್ಟರೂ ಗೋಡೆ ತಣಿಯುವುದಿಲ್ಲ. ಅಲ್ಲಿ ಏಸಿ ಹಾಕಿದವರನ್ನು ಬೈಯುವ ಪೈಕಿ ನಾನಲ್ಲ. ಬಿಸಿಲನ್ನು ಹೊರಗೇ ನಿಲ್ಲಿಸಿದ ಮನೆಗೆ ಸಣ್ಣ ಏಸಿ ಸಾಕು, ಅಷ್ಟೇ ನನ್ನ ಮಾತು.

ಗಾಳಿ ಗೋಪುರ ಬೇಡ. ಇರಾನಿನ ಯಜ್ದ್ ನಗರದ ದೌಲತಾಬಾದ್ ತೋಟದ ಗೋಪುರ ಸುಮಾರು 33 ಮೀಟರ್ ಎತ್ತರ. ಅಬುಧಾಬಿಯ ಹೊಸ ಬಡಾವಣೆ ಮಸ್ದಾರ್‌ನಲ್ಲಿ ಕಟ್ಟಿದ್ದು 45 ಮೀಟರ್. ಮನೆಗಳ ಮೇಲಿನ ಗಾಳಿ ಹಿಡಿಯಲೆಂದೇ ಆ ಎತ್ತರ. ಸುತ್ತ ಎತ್ತರದ ಕಟ್ಟಡಗಳಿರುವಾಗ ನಿಮ್ಮ ತಾರಸಿಯ ಪುಟ್ಟ ಗೋಪುರದೊಳಗೆ ಪಾರಿವಾಳ ಗೂಡು ಕಟ್ಟುತ್ತದೆ, ದೂಳು ಬೀಳುತ್ತದೆ.

ಅದಕ್ಕಿಂತ ಕೂಲರ್ ವಾಸಿ, ನಿಮ್ಮ ಊರು ಕಡಲಿನಿಂದ ದೂರವಿದ್ದರೆ. ಒಂದು ಲೀಟರ್ ನೀರು ಆವಿಯಾಗುವಾಗ ಗಾಳಿಯಿಂದ ಸುಮಾರು 0.67 ಯೂನಿಟ್ ಕರೆಂಟಿನಷ್ಟು ಶಾಖ ಎಳೆದುಕೊಳ್ಳುತ್ತದೆ. ದುಬೈಯಂಥ ಕಡಲ ತೀರದ ಊರಿನಲ್ಲಿ ಗಾಳಿಯೇ ಒದ್ದೆ, ಅಲ್ಲಿ ಈ ಆಟ ನಡೆಯುವುದಿಲ್ಲ. ಮತ್ತೆ ನೀರಿನ ಲೆಕ್ಕವೂ ಇದೆ. ಮನೆ ಮುಂದೆ ಹುಲ್ಲುಹಾಸು ಬೆಳೆಸಿದ್ದರೆ ಮೊದಲು ಅದನ್ನು ತೆಗೆಸಿ, ಆ ನೀರು ಕೂಲರಿಗೆ ಆಗುತ್ತದೆ.

ಖರ್ಚಿಗೆ ಇಳಿಯುವ ಮುಂಚೆ ಒಂದು ಕೆಲಸ ಮಾಡಿ. ಎರಡು ಥರ್ಮಾಮೀಟರ್ ತನ್ನಿ. ಒಂದು ಕೋಣೆಯಲ್ಲಿ, ಒಂದು ಹೊರಗೆ ನೆರಳಿನಲ್ಲಿ. ಒಂದು ವಾರ ಸಂಜೆಯಿಂದ ಬೆಳಗಿನವರೆಗೆ ಆಗಾಗ ಬರೆದಿಡಿ. ಹೊರಗಿನ ಅಂಕಿ ಒಳಗಿನದಕ್ಕಿಂತ ಯಾವಾಗ ಕೆಳಗಿಳಿಯುತ್ತದೋ ಆಗ ಕಿಟಕಿ ತೆರೆಯಿರಿ, ಬೆಳಿಗ್ಗೆ ಮತ್ತೆ ಮೇಲೇರುವ ಮುಂಚೆ ಮುಚ್ಚಿ. ಆ ಪಟ್ಟಿಯನ್ನು ನಮಗೂ ಕಳಿಸಿ, ಹಳೆಯ ಲೇಖನಕ್ಕೆ ತಿದ್ದುಪಡಿ ಹಾಕುವಾಗ ಬೇಕಾಗುತ್ತದೆ.

— ಸಂಪಾದಕ