ನಗರ ಯೋಜನೆ ವಿದ್ಯಾರ್ಥಿಗಳಿಗೆ ಹತ್ತಿರದ ಬೀದಿಯಲ್ಲಿ ಕಲಿಯಲು ಏನಿದೆ?

ಹೊಸದಾಗಿ ನಗರ ಯೋಜನೆ ಪಾಠ ಮಾಡಲು ಬಂದಿದ್ದೀರಿ. ದೂರದ ಪ್ರವಾಸಕ್ಕೆ ಅನುಕೂಲವಿಲ್ಲ, ಕಾಲೇಜಿನ ಆಸುಪಾಸಿನಲ್ಲೇ ಸುತ್ತಿಸಿದರೆ ಅದೂ ಕಲಿಕೆಯೇ ಎಂದು ಕೇಳಿದ್ದೀರಿ. ಖಂಡಿತ ಹೌದು. ನನ್ನನ್ನು ಕೇಳಿದರೆ ಇದೇ ಹೆಚ್ಚು ಕಲಿಸುತ್ತದೆ, ಏಕೆಂದರೆ ಹತ್ತಿರದ ಜಾಗಕ್ಕೆ ಮತ್ತೆ ಮತ್ತೆ ಹೋಗಬಹುದು.

ಒಮ್ಮೆ ನಮ್ಮ ವಿದ್ಯಾರ್ಥಿಗಳು ಒಂದು ಬಸ್ ನಿಲ್ದಾಣ ಆರಿಸಿಕೊಂಡಿದ್ದರು. ನಕ್ಷೆಯಲ್ಲಿ ಅದೊಂದು ಚಿಕ್ಕ ಚೌಕ. ಬೆಳಿಗ್ಗೆ ಹೋಗಿ ನೋಡಿದರೆ ತಂಗುದಾಣದೊಳಗೆ ಒಬ್ಬರೂ ಇಲ್ಲ; ಎಲ್ಲರೂ ಮೂವತ್ತು ಹೆಜ್ಜೆ ಆಚೆ, ಮರದ ಕೆಳಗೆ. ‘ಜನಕ್ಕೆ ನೆರಳು ಬೇಕು’ ಎಂದು ಬರೆದುಕೊಂಡು ಬಂದರು. ನನಗೂ ಸರಿಯೆನಿಸಿತು. ಎರಡನೇ ಸಲ ಹೊತ್ತು ಮುಳುಗಿದ ಮೇಲೆ ಹೋದಾಗಲೂ ಜನ ಅಲ್ಲೇ ನಿಂತಿದ್ದರು. ಬಿಸಿಲೇ ಇಲ್ಲದಾಗ ನೆರಳೇಕೆ? ಮೂರನೇ ಸಲ ಒಬ್ಬ ಹುಡುಗಿ ತಂಗುದಾಣದ ಬೆಂಚಿನ ಮೇಲೆ ಒಂದು ಗಂಟೆ ಕೂತಳು. ಬಸ್ಸು ಬರುವ ದಿಕ್ಕಿಗೇ ಆಳೆತ್ತರದ ಜಾಹೀರಾತು ಫಲಕ ನಿಲ್ಲಿಸಿದ್ದರು. ಒಳಗೆ ಕೂತವರಿಗೆ ಬಸ್ಸಿನ ನಂಬರು ಕಾಣುವುದು ಅದು ಎದುರಿಗೆ ಬಂದ ಮೇಲೆಯೇ. ಎದ್ದು ಓಡುವಷ್ಟರಲ್ಲಿ ಹೊರಟಿರುತ್ತದೆ. ಮರದ ಬುಡದಲ್ಲಿ ನಿಂತರೆ ರಸ್ತೆಯ ತಿರುವಿನವರೆಗೂ ಕಾಣುತ್ತಿತ್ತು.

ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಅನುಭವ ಕಲಿಕೆಯ ಚಕ್ರ ಇದೇ: ಅನುಭವ, ಅದರ ಮೇಲೆ ಚಿಂತನೆ, ಅದರಿಂದ ಒಂದು ಗ್ರಹಿಕೆ, ಆ ಗ್ರಹಿಕೆಯ ಪರೀಕ್ಷೆ. ಒಂದೇ ಸಲ ಹೋಗಿಬರುವ ಪ್ರವಾಸದಲ್ಲಿ ಈ ಚಕ್ರ ಅರ್ಧಕ್ಕೇ ನಿಂತುಬಿಡುತ್ತದೆ. ನಮ್ಮವರೂ ಮೊದಲ ದಿನಕ್ಕೇ ಮುಗಿಸಿದ್ದರೆ, ಇನ್ನೊಂದು ಚಾವಣಿ ಕಟ್ಟಬೇಕೆಂದು ಯೋಜನೆ ಬರೆದು ಕೊಡುತ್ತಿದ್ದರು.

ಯೋಜನೆಗೆ ಮೊದಲು ಸಮೀಕ್ಷೆ ಎಂದು ಪಟ್ಟು ಹಿಡಿದವರು ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್. ಎಡಿನ್‌ಬರೋದ ಔಟ್‌ಲುಕ್ ಟವರ್ ಎಂಬ ಗೋಪುರವನ್ನು 1892ರಲ್ಲಿ ಕೈಗೆತ್ತಿಕೊಂಡು, ಊರನ್ನೇ ಕಣ್ಣಾರೆ ನೋಡಿ ಕಲಿಯುವ ಜಾಗವನ್ನಾಗಿ ಮಾಡಿದರು. 1914ರಲ್ಲಿ ಭಾರತಕ್ಕೆ ಬಂದ ಮೇಲೆ ಇಲ್ಲಿನ ಹಲವು ಊರುಗಳ ಗಲ್ಲಿಗಳಲ್ಲಿ ನಡೆದಾಡಿ ವರದಿ ಬರೆದರು. ರಸ್ತೆ ಅಗಲ ಮಾಡಲು ಕೇರಿಗೆ ಕೇರಿಯನ್ನೇ ಕೆಡವುವುದನ್ನು ವಿರೋಧಿಸಿ, ತೀರಾ ಅಗತ್ಯವಿದ್ದಷ್ಟನ್ನು ಮಾತ್ರ ತೆಗೆದು ಉಳಿದದ್ದನ್ನು ದುರಸ್ತಿ ಮಾಡಿ ಎಂದರು. ಯಾವ ಗೋಡೆ ತೆಗೆದರೆ ಸಾಕು ಎಂಬುದು ಗಲ್ಲಿಗೆ ಕಾಲಿಡದವರಿಗೆ ಹೇಗೆ ಗೊತ್ತಾಗಬೇಕು?

ಕೈಯಲ್ಲಿ ಒಂದು ಟೇಪು, ಒಂದು ಸ್ಟಾಪ್‌ವಾಚ್ ಇದ್ದರೆ ಸಾಕು. ರಸ್ತೆ ದಾಟುವ ಸಿಗ್ನಲ್ಲಿನ ಸಮಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ಹಾಕುತ್ತಾರೆ. ಹಾಗಾದರೆ 14 ಮೀಟರ್ ರಸ್ತೆಗೆ ಸುಮಾರು 12 ಸೆಕೆಂಡು. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ ಹದಿನೇಳೂವರೆ ಸೆಕೆಂಡು ಬೇಕು. ಇದನ್ನು ಬೋರ್ಡಿನ ಮೇಲೆ ಬರೆದರೆ ಬರೀ ಲೆಕ್ಕ. ಹಸಿರು ದೀಪ ಆರಿದ ಮೇಲೂ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದು ವಾಹನಗಳ ನಡುವೆ ನಿಂತದ್ದನ್ನು ನೋಡಿದ ವಿದ್ಯಾರ್ಥಿಗಳು ಅವತ್ತು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮರುದಿನ ಅವರ ವಿನ್ಯಾಸದಲ್ಲಿ ರಸ್ತೆ ಮಧ್ಯೆ ನಿಲ್ಲಲೊಂದು ಕಟ್ಟೆ ಬಂದಿತ್ತು. ನಾನು ಹೇಳಿಕೊಟ್ಟದ್ದಲ್ಲ.

ಕೆಲವು ಎಚ್ಚರಿಕೆಗಳೂ ಇವೆ. ನಲವತ್ತು ಜನರನ್ನು ಒಟ್ಟಿಗೆ ಕರೆದೊಯ್ದರೆ ಅದು ಮೆರವಣಿಗೆಯಾಗುತ್ತದೆ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದೇ ಪ್ರಶ್ನೆ ಕೊಡಿ. ಬಡವರ ಬಡಾವಣೆಗೆ ಹೋಗುವಾಗ ಮೊದಲೇ ಹೋಗಿ ಅಲ್ಲಿನವರ ಒಪ್ಪಿಗೆ ಪಡೆಯಿರಿ, ಕೇಳದೆ ಫೋಟೋ ತೆಗೆಯಲು ಬಿಡಬೇಡಿ, ‘ನಿಮಗೆ ನಲ್ಲಿ ಹಾಕಿಸುತ್ತೇವೆ’ ಎಂಬಂಥ ಮಾತು ವಿದ್ಯಾರ್ಥಿಗಳ ಬಾಯಿಂದ ಬರದಂತೆ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ನಕ್ಷೆಯನ್ನು ಅವರಿಗೂ ತೋರಿಸಿ. ತಪ್ಪುಗಳನ್ನು ಅವರಷ್ಟು ಬೇಗ ಬೇರೆ ಯಾರೂ ಹಿಡಿಯುವುದಿಲ್ಲ.

ಅಂಕದ ವಿಷಯವನ್ನೂ ಕೇಳಿದ್ದೀರಿ. ನಾನು ವರದಿಯ ಅಂದಕ್ಕೆ ಅಂಕ ಕೊಡುವುದಿಲ್ಲ. ಮೊದಲ ದಿನದ ಊಹೆ ಏನಿತ್ತು, ಅದು ಯಾವ ದಿನ, ಏನು ಕಂಡ ಮೇಲೆ ಬದಲಾಯಿತು ಎಂದು ಒಂದು ಪುಟ ಬರೆಸುತ್ತೇನೆ. ಅರ್ಧದಷ್ಟು ಅಂಕ ಆ ಪುಟಕ್ಕೇ.