ತಪ್ಪು ಮಾಡದವನಿಗೆ ಭಯವೇಕೆ?

(ಭಯೋತ್ಪಾದನೆಯ ಪ್ರಕರಣಗಳಿಗೆ ಬಳಸುವ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯಡಿ ಜಾಮೀನು ಸಿಗುವುದು ಎಷ್ಟು ಕಷ್ಟ ಎಂಬ ನಮ್ಮ ಕಳೆದ ಸಂಚಿಕೆಯ ಲೇಖನವನ್ನು ಖಂಡಿಸಿ ಹಾವೇರಿ ಜಿಲ್ಲೆಯ ನಿವೃತ್ತ ಸೈನಿಕರೊಬ್ಬರು ಬರೆದಿದ್ದಾರೆ. ಪತ್ರದ ಸಾರ: ದೇಶ ಉಳಿದರೆ ತಾನೇ ಹಕ್ಕುಗಳ ಮಾತು. ತಪ್ಪು ಮಾಡದವನು ಕಾನೂನಿಗೆ ಹೆದರಬೇಕಾಗಿಲ್ಲ. ನಾಲ್ಕು ಜನ ನಿರಪರಾಧಿಗಳು ಕೆಲಕಾಲ ಒಳಗಿದ್ದರೂ ಚಿಂತೆಯಿಲ್ಲ, ಒಬ್ಬ ಭಯೋತ್ಪಾದಕ ಹೊರಗಿರಬಾರದು. ಇಂಥದ್ದನ್ನು ಬರೆಯುವ ಮೊದಲು ಹುತಾತ್ಮರ ಮನೆಯವರನ್ನು ಮಾತನಾಡಿಸಿ.)

ಮಾನ್ಯರೇ,

ಗಡಿಯಲ್ಲಿ ನಿಂತು ಬಂದವರು ತಾವು. ದೇಶಕ್ಕೆ ಅಪಾಯ ಎಂಬುದು ಟಿ.ವಿ. ಚರ್ಚೆಯ ಸರಕಲ್ಲ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. 2008ರ ಮುಂಬೈ ದಾಳಿಯಂಥದ್ದು ನಡೆದ ಮೇಲೆ ಸರ್ಕಾರ ಕಠಿಣ ಕಾನೂನು ಬೇಕೆಂದರೆ ಬೇಡ ಎನ್ನುವಷ್ಟು ಧೈರ್ಯ ನನಗೂ ಇಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೆ, ತಮ್ಮ ಪತ್ರದಲ್ಲಿರುವ ‘ಕೆಲಕಾಲ’ದ ಬಗ್ಗೆ ಸ್ವಲ್ಪ ವಿವರವಾಗಿ ಮಾತನಾಡೋಣ.

ದೂರ ಹೋಗುವುದು ಬೇಡ, ನಮ್ಮ ಮಲೆ ಮಹದೇಶ್ವರ ಬೆಟ್ಟದ ತಪ್ಪಲಿಗೇ ಬನ್ನಿ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತು. ಅದಕ್ಕೂ ಮೊದಲೇ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹ್ಮದ್ ಹತರಾಗಿದ್ದರು. ವೀರಪ್ಪನ್ ಸಿಗಲಿಲ್ಲ. ಸಿಕ್ಕವರು ಕಾಡಂಚಿನ ಊರುಗಳ ಬಡವರು. ಅವರ ಮೇಲೆ ಟಾಡಾ, ಅಂದರೆ ಆಗಿನ ಭಯೋತ್ಪಾದನೆ ತಡೆ ಕಾಯ್ದೆ ಬಿತ್ತು. ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯನ್ನೇ ಸಾಕ್ಷ್ಯವೆಂದು ಒಪ್ಪುವ ಕಾಯ್ದೆ ಅದು. 1995ರಲ್ಲಿ ಅದರ ಅವಧಿ ಮುಗಿದು ಕಾಯ್ದೆ ಸತ್ತುಹೋಯಿತು, ಆದರೆ ಅದರಡಿ ಹೂಡಿದ ಮೊಕದ್ದಮೆಗಳು ಸಾಯಲಿಲ್ಲ. ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟದ್ದು 2001ರಲ್ಲಿ. ನೂರಕ್ಕೂ ಹೆಚ್ಚು ಆರೋಪಿಗಳು ಖುಲಾಸೆಯಾದರು, ಶಿಕ್ಷೆಯಾದವರು ಬೆರಳೆಣಿಕೆಯಷ್ಟು ಮಂದಿ. ತಾವು ನಾಲ್ಕು ಜನರ ಲೆಕ್ಕ ಹೇಳಿದಿರಿ, ಇದು ನಾನು ಹೇಳುತ್ತಿರುವ ಲೆಕ್ಕ.

ವರದಿಗಾರನಾಗಿದ್ದಾಗ ಆ ಕಡೆಯ ಊರೊಂದರಲ್ಲಿ ಹೀಗೆ ಬಿಡುಗಡೆಯಾಗಿ ಬಂದವರೊಬ್ಬರನ್ನು ಕಂಡಿದ್ದೆ. ಕಾಡಿನವರಿಗೆ ಅಕ್ಕಿ ಬೇಳೆ ಕೊಟ್ಟನೆಂಬುದು ಅವರ ಮೇಲಿದ್ದ ಆರೋಪ. ವಕೀಲರಿಗೆ ಕೊಡಲು ಮೇಕೆಗಳನ್ನೆಲ್ಲ ಮಾರಿಯಾಗಿತ್ತು. ಮಗಳ ಮದುವೆ ಅವರಿಲ್ಲದೆಯೇ ನಡೆದುಹೋಗಿತ್ತು. ಪೊಲೀಸರನ್ನಾಗಲಿ ಸರ್ಕಾರವನ್ನಾಗಲಿ ಅವರು ಬೈಯಲಿಲ್ಲ. ತಮ್ಮನ್ನು ಹಿಡಿದ ದಿನದ ಪತ್ರಿಕೆಯ ತುಣುಕೊಂದನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ನನ್ನ ಮುಂದಿಟ್ಟು, ‘ಬುಟ್ಟಿದ್ದು ಯಾವ ಪೇಪರ್‌ನಾಗೆ ಬಂದದೆ ಸ್ವಾಮಿ?’ ಎಂದು ಕೇಳಿದರು. ಬಂದಿದ್ದರೂ ಒಳಪುಟದ ಮೂಲೆಯಲ್ಲಿ, ಹೆಸರಿಲ್ಲದೆ ಬಂದಿತ್ತು. ನಮ್ಮ ವೃತ್ತಿಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಬಂಧನಕ್ಕೆ ಮುಖಪುಟ, ಖುಲಾಸೆಗೆ ಟೆಂಡರ್ ಜಾಹೀರಾತಿನ ಪಕ್ಕದ ಜಾಗ. ಈಗಿನ ವಾಹಿನಿಗಳಂತೂ ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಮೊದಲೇ ತೀರ್ಪು ಕೊಟ್ಟು ಜಾಹೀರಾತಿಗೆ ಹೋಗುತ್ತವೆ. ‘ತಪ್ಪು ಮಾಡದಿದ್ದರೆ ಯಾಕೆ ಹಿಡಿಯುತ್ತಿದ್ದರು’ ಎಂದು ಓದುಗರು ನಂಬುವಂತೆ ಮಾಡಿದವರು ನಾವೇ. ಹಾಗಾಗಿ ತಮ್ಮೊಬ್ಬರನ್ನೇ ದೂರುವುದು ನ್ಯಾಯವಲ್ಲ.

ಹುತಾತ್ಮರ ಮನೆಯವರನ್ನು ಮಾತನಾಡಿಸಿ ಎಂದಿರಿ. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರ ಅಪಹರಣವಾದಾಗ, ಅಲ್ಲಿಯವರೆಗೆ ಟಾಡಾ ಮೊಕದ್ದಮೆ ನಡೆಸುತ್ತಿದ್ದ ಸರ್ಕಾರವೇ ವೀರಪ್ಪನ್‌ನ ಬೇಡಿಕೆಗೆ ಮಣಿದು ಮೈಸೂರು ಜೈಲಿನಲ್ಲಿದ್ದವರ ಮೇಲಿನ ಟಾಡಾ ಆರೋಪಗಳನ್ನು ಹಿಂಪಡೆಯಲು ಹೊರಟಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ತಡೆದವರು ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮಗನನ್ನು ಕಳೆದುಕೊಂಡ ತಂದೆಗೂ ವರ್ಷಗಟ್ಟಲೆ ಒಳಗಿದ್ದ ಕೂಲಿಯವನಿಗೂ ಬೇಕಾಗಿದ್ದದ್ದು ಒಂದೇ: ವಿಚಾರಣೆ ನಡೆದು ತೀರ್ಪಾಗುವುದು. ಸರ್ಕಾರ ಇಬ್ಬರಿಗೂ ಅದನ್ನು ಹೊತ್ತಿಗೆ ಸರಿಯಾಗಿ ಕೊಡಲಿಲ್ಲ.

ಇದು ಹಳೆಯ ಕಥೆ ಎನ್ನಬೇಡಿ. ಯುಎಪಿಎಗೆ 2008ರಲ್ಲಿ ಸೇರಿದ 43ಡಿ(5) ಕಲಮಿನ ಪ್ರಕಾರ, ಪೊಲೀಸರ ಕಡತ ನೋಡಿದಾಗ ಆರೋಪ ಮೇಲ್ನೋಟಕ್ಕೆ ನಿಜವೆನ್ನಿಸಿದರೆ ಜಾಮೀನು ಕೊಡುವಂತಿಲ್ಲ. ಆ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ತೂಗಿ ನೋಡುವಂತೆಯೂ ಇಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2021ರ ನಜೀಬ್ ಪ್ರಕರಣದಲ್ಲಿ, ಆರೋಪಿ ಐದು ವರ್ಷಕ್ಕೂ ಮೇಲ್ಪಟ್ಟು ಒಳಗಿದ್ದು ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿಯಿದ್ದುದನ್ನು ಕಂಡ ಅದೇ ನ್ಯಾಯಾಲಯ, ಹೀಗೆ ಎಳೆಯುವುದಾದರೆ ಜಾಮೀನು ಕೊಡಬಹುದು ಎಂದಿತು. ಅದೇ ವರ್ಷದ ಜುಲೈನಲ್ಲಿ, ಹಿಂದೆ ಬೆಂಗಳೂರಿನಲ್ಲಿ ಹಲವು ವರ್ಷ ಕೆಲಸ ಮಾಡಿದ್ದ 84ರ ಪಾದ್ರಿ, ಆದಿವಾಸಿ ಹಕ್ಕುಗಳ ಹೋರಾಟಗಾರ ಸ್ಟ್ಯಾನ್ ಸ್ವಾಮಿ, ಯುಎಪಿಎಯಡಿ ಬಂಧಿತರಾಗಿ, ವಿಚಾರಣೆಯೇ ಆರಂಭವಾಗದೆ ತೀರಿಕೊಂಡರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಗಿ ಬಂತು. ಅವರ ವಿಚಾರಗಳನ್ನು ತಾವು ಒಪ್ಪಬೇಕಾಗಿಲ್ಲ. ಆ ಸ್ಟ್ರಾದಿಂದ ದೇಶದ ಭದ್ರತೆಗೆ ಏನಾಗುತ್ತಿತ್ತು ಎಂಬುದನ್ನಷ್ಟೇ ಹೇಳಿ.

ತಮ್ಮ ಪತ್ರದಲ್ಲಿ ವಾಜಪೇಯಿ ಅವರ ಹೆಸರನ್ನು ಗೌರವದಿಂದ ಎತ್ತಿದ್ದೀರಿ. 1975ರ ಜೂನ್‌ನಲ್ಲಿ ಅವರನ್ನೂ ಅಡ್ವಾಣಿ, ಮಧು ದಂಡವತೆ ಅವರನ್ನೂ ಬೆಂಗಳೂರಿನಲ್ಲಿ ಬಂಧಿಸಿ ಈಗ ಫ್ರೀಡಂ ಪಾರ್ಕ್ ಆಗಿರುವ ಸೆಂಟ್ರಲ್ ಜೈಲಿನಲ್ಲಿಟ್ಟದ್ದು ಮೀಸಾ ಕಾಯ್ದೆಯಡಿ, ಅಂದರೆ ಆಂತರಿಕ ಭದ್ರತೆಯ ಹೆಸರಿನಲ್ಲೇ. ಅಧಿಕಾರದಲ್ಲಿರುವವರು ಬದಲಾದಂತೆ ಒಳಗೆ ಹೋಗುವವರೂ ಬದಲಾಗುತ್ತಾರೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಕಾಯ್ದೆ ಇರಲಿ. ಆದರೆ ದಿನವಹಿ ವಿಚಾರಣೆ ನಡೆಸುವಷ್ಟು ವಿಶೇಷ ನ್ಯಾಯಾಲಯಗಳಿರಲಿ, ನಿಗದಿತ ಅವಧಿಯಲ್ಲಿ ವಿಚಾರಣೆ ಮುಗಿಯದಿದ್ದರೆ ಆರೋಪಿ ಕೇಳದಿದ್ದರೂ ಜಾಮೀನಿನ ಪ್ರಶ್ನೆ ನ್ಯಾಯಾಧೀಶರ ಮುಂದೆ ಬರಲಿ, ಖುಲಾಸೆಯಾದವನಿಗೆ ಪರಿಹಾರ ಸಿಗಲಿ. ಬೆಟ್ಟದ ತಪ್ಪಲಿನಲ್ಲಿ ವೀರಪ್ಪನ್‌ನನ್ನು ಹಿಡಿಯಲು ರಚಿಸಿದ್ದ ಪೊಲೀಸ್ ಕಾರ್ಯಪಡೆಯ ದೌರ್ಜನ್ಯಕ್ಕೆ ತುತ್ತಾದವರ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ಆಲಿಸಿತ್ತು. ಅದರ ಆಧಾರದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ನೀಡಬೇಕೆಂದದ್ದು 2007ರಲ್ಲಿ, ವೀರಪ್ಪನ್ ಸತ್ತು ಎರಡು ವರ್ಷ ಕಳೆದ ಮೇಲೆ.

— ಸಂಪಾದಕ