ಮೆಡಿಕಲ್ ಶಾಪ್ ತೆರೆದಿತ್ತು, ಆದರೂ ಬೇಡದ ಬಸಿರೇಕೆ?

ಪ್ರಶ್ನೆ: ಕೋವಿಡ್ ಲಾಕ್‌ಡೌನ್ ಆದ ವರ್ಷ ನಮ್ಮೂರಲ್ಲಿ ‘ಸದ್ಯಕ್ಕೆ ಮಗು ಬೇಡ’ ಎಂದುಕೊಂಡಿದ್ದ ಹಲವರು ಗರ್ಭಿಣಿಯರಾದರು. ಮೆಡಿಕಲ್ ಶಾಪ್‌ಗಳು ತೆರೆದೇ ಇದ್ದವು. ಗಂಡ ಹೆಂಡತಿ ಇಬ್ಬರೂ ಮನೆಯಲ್ಲೇ ಇದ್ದುದಷ್ಟೇ ಕಾರಣವೇ ಡಾಕ್ಟ್ರೇ?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಅದೂ ಒಂದು ಕಾರಣವೇ. ಆದರೆ ಅಷ್ಟಕ್ಕೇ ಬಿಟ್ಟರೆ ಎಲ್ಲ ತಪ್ಪನ್ನೂ ದಂಪತಿಯ ತಲೆಗೆ ಕಟ್ಟಿದಂತಾಗುತ್ತದೆ.

2020ರ ಮಾರ್ಚ್ 25ರ ನಂತರ ಅಂಗಡಿ ತೆರೆದಿತ್ತು, ಬಸ್ಸಿರಲಿಲ್ಲ. ಹಳ್ಳಿಯಲ್ಲಿ ಗುಳಿಗೆ, ನಿರೋಧ್ ಮನೆ ಮುಟ್ಟಿಸುತ್ತಿದ್ದ ಆಶಾ ಕಾರ್ಯಕರ್ತೆಯರನ್ನು ಕೋವಿಡ್ ಸಮೀಕ್ಷೆಗೆ, ಕ್ವಾರಂಟೈನ್ ನಿಗಾಕ್ಕೆ ಹಾಕಲಾಯಿತು. ಕೂಲಿ ನಿಂತ ಮನೆಯಲ್ಲಿ ಇದಕ್ಕೆಂದು ದುಡ್ಡು ಕೇಳುವುದು ಸುಲಭವಲ್ಲ. ಅತ್ತೆಗೆ ತಿಳಿಯದಂತೆ ಗುಳಿಗೆ ನುಂಗುತ್ತಿದ್ದ ಸೊಸೆಗಂತೂ, ಇಡೀ ಮನೆ ತುಂಬಿರುವಾಗ ‘ಎಲ್ಲಿಗೆ ಹೊರಟೆ?’ ಎಂಬುದಕ್ಕೇ ಉತ್ತರವಿರಲಿಲ್ಲ. ಸೋಂಕಿನ ಭಯಕ್ಕೆ ಆಸ್ಪತ್ರೆಯ ಮೆಟ್ಟಿಲು ಹತ್ತದವರೂ ಇದ್ದರು. ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆ ಹಾಕಿಸಬೇಕಾದ ಅಂತರಾ ಚುಚ್ಚುಮದ್ದು ಅವರಿಗೆ ತಪ್ಪಿತು.

ನನ್ನ ದೃಷ್ಟಿಯಲ್ಲಿ ಬೇರು ಇನ್ನೂ ಹಿಂದಿದೆ. ನಮ್ಮಲ್ಲಿ ಕುಟುಂಬ ಯೋಜನೆ ಎಂದರೆ ಹೆಂಗಸರ ಆಪರೇಷನ್ ಎಂದೇ ಆಗಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಈಗಾಗಲೇ ಮಾಡಿಸಿಕೊಂಡಿದ್ದವರಿಗೆ ಲಾಕ್‌ಡೌನ್ ತಟ್ಟಲಿಲ್ಲ. ತಟ್ಟಿದ್ದು ಆಪರೇಷನ್‌ಗೆ ಕಾಯುತ್ತಿದ್ದವರಿಗೆ ಮತ್ತು ಎರಡು ಮಕ್ಕಳ ನಡುವೆ ಅಂತರ ಬಯಸಿದ ಎಳೆಯ ತಾಯಂದಿರಿಗೆ. ಆಪರೇಷನ್ ಶಿಬಿರಗಳು ನಿಂತಾಗ ಅವರ ಕೈಯಲ್ಲಿ ಬೇರೇನೂ ಇರಲಿಲ್ಲ.

ಇದೇ ಸಮೀಕ್ಷೆಯಲ್ಲಿ, ಮಗು ಬೇಡವೆಂದರೂ ಯಾವ ವಿಧಾನವನ್ನೂ ಬಳಸದವರು ರಾಜ್ಯದಲ್ಲಿ ಶೇ 6.4, ದೇಶದಲ್ಲಿ ಶೇ 9.4 ಎಂದಿದೆ. ಈ ಅಂಕಿ ನೋಡಿ ಸಮಾಧಾನಪಡಬೇಡಿ. ಕರ್ನಾಟಕದ ಮಾಹಿತಿ ಸಂಗ್ರಹವಾದದ್ದು 2019ರಲ್ಲಿ, ಕೋವಿಡ್‌ಗೂ ಮೊದಲು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2021ರಲ್ಲಿ ಕೊಟ್ಟ ಅಂದಾಜಿನಂತೆ, 115 ದೇಶಗಳಲ್ಲಿ ಸುಮಾರು 1.2 ಕೋಟಿ ಮಹಿಳೆಯರಿಗೆ ಗರ್ಭನಿರೋಧಕ ಸೇವೆಗೆ ಅಡಚಣೆಯಾಗಿ, 14 ಲಕ್ಷ ಅನಪೇಕ್ಷಿತ ಗರ್ಭಧಾರಣೆಗಳಾದವು.

ನಿಮ್ಮೂರಿನ ಹೆಣ್ಣುಮಕ್ಕಳಿಗೆ ಇದನ್ನು ತಿಳಿಸಿ: ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನವಾದ ಕಾಪರ್-ಟಿ ಒಮ್ಮೆ ಹಾಕಿಸಿದರೆ ಮಾದರಿಗೆ ತಕ್ಕಂತೆ ಐದು ಅಥವಾ ಹತ್ತು ವರ್ಷ ನಡೆಯುತ್ತದೆ, ಬೇಕೆಂದಾಗ ತೆಗೆಸಬಹುದು. ಹೆರಿಗೆಯಾದ 48 ಗಂಟೆಯೊಳಗೇ ಹಾಕಿಸಿಕೊಂಡು ಮನೆಗೆ ಬರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ.